ಒಂದೇ ಬದಿಗೆ ಕಿಟಕಿ

ಪಾರ್ಶ್ವವಾಯು ಬಡಿದ ಮೇಲೆ ಅಣ್ಣನಲ್ಲಿ ನಾಲ್ಕು ಮಾತು ಉಳಿದವು. ‘ಹೂಂ’, ‘ಇಲ್ಲ’, ‘ಅಮ್ಮ’, ‘ಪೆಟ್ಟಿ’. ಮೊದಲ ಎರಡು ಅದಲುಬದಲಾಗುತ್ತಿದ್ದವು. ಬೇಡ ಎನ್ನುವಲ್ಲಿ ‘ಹೂಂ’ ಬಂದುಬಿಡುತ್ತಿತ್ತು. ಬಂದದ್ದು ತಪ್ಪೆಂದು ಅವನ ಮುಖಕ್ಕೆ ಗೊತ್ತಾಗುತ್ತಿತ್ತು, ತಿದ್ದಲು ನಾಲಿಗೆ ಏಳುತ್ತಿರಲಿಲ್ಲ. ಮೂರನೆಯದು ನೋವಾದಾಗ. ನಾಲ್ಕನೆಯದನ್ನು ನಾನು ಎರಡು ತಿಂಗಳಿಗೂ ಹೆಚ್ಚು ಕಾಲ ತಪ್ಪಾಗಿ ತಿಳಿದುಕೊಂಡಿದ್ದೆ. ಅದು ಹೇಗಾಯಿತೆಂದು, ಆದ ಕ್ರಮದಲ್ಲೇ, ನನ್ನ ಕಡೆಗೆ ವಾಲಿಸದೆ ಬರೆದಿಡಬೇಕೆಂದು ಕೂತಿದ್ದೇನೆ.

ನಮ್ಮದು ವಡಪಳನಿಯಲ್ಲಿ ಮೂರನೇ ಮಹಡಿಯ ಮನೆ. ಎರಡು ಕೋಣೆ, ಒಂದು ಅಡುಗೆಮನೆ. ಹೆಂಡತಿ ತೀರಿಕೊಂಡು ಆರು ವರ್ಷವಾಯಿತು. ಮಗಳು ಮದುವೆಯಾಗಿ ವೇಳಚ್ಚೇರಿಯಲ್ಲಿದ್ದಾಳೆ, ಭಾನುವಾರಗಳಲ್ಲಿ ಬರುತ್ತಾಳೆ. ಅಣ್ಣ ಮದುವೆಯಾಗಲಿಲ್ಲ. ನಮ್ಮ ಕಡೆಯವರದೇ ಒಂದು ಹೋಟೆಲಿನಲ್ಲಿ ಸೂಪರ್‌ವೈಸರ್ ಆಗಿದ್ದ. ಹೋಟೆಲು ಮುಚ್ಚಿದ ಮೇಲೆ ನನ್ನ ಜೊತೆಗೆ ಬಂದ. ಬರುವಾಗ ತಂದದ್ದು ಎರಡು ಸೂಟ್‌ಕೇಸ್ ಬಟ್ಟೆ, ಒಂದು ಟೆಂಪೋ ತುಂಬ ರೈಲು.

ಆಟದ ರೈಲು ಎಂದರೆ ಅವನಿಗೆ ಸಿಟ್ಟು. “ಆಟ ಮಕ್ಕಳು ಆಡುದು. ಇದು ಮಾಡೆಲ್,” ಎನ್ನುತ್ತಿದ್ದ. ಹಳಿಗಳ ನಡುವಿನ ಅಂತರ ಹೆಬ್ಬೆರಳಿನ ಅಗಲ. ಎಂಜಿನ್ನುಗಳು ಹೊರದೇಶದವು, ಹೋಟೆಲಿಗೆ ಬರುತ್ತಿದ್ದ ಗಿರಾಕಿಗಳಲ್ಲಿ ವಿಮಾನ ಹತ್ತುವವರು ಯಾರೆಂದು ತಿಳಿದುಕೊಂಡು, ಅವರಿಗೆ ಬಿಸಿ ಬಿಸಿ ದೋಸೆ ತಾನೇ ತಂದಿಟ್ಟು, ಚೀಟಿ ಬರೆದುಕೊಟ್ಟು ತರಿಸಿಕೊಂಡಿದ್ದ. ಬಂದ ಮೇಲೆ ಅವುಗಳ ಮೇಲಿನ ಹೆಸರನ್ನು ಬ್ಲೇಡಿನ ಮೊನೆಯಲ್ಲಿ ಕೆರೆದು, ನಮ್ಮ ಊರಿನ ರೈಲಿನ ಬಣ್ಣ ಬಳಿಯುತ್ತಿದ್ದ. ನಾಲ್ಕು ಕೂದಲು ಉಳಿದ ಕುಂಚದಲ್ಲಿ ಒಂದು ಕಿಟಕಿಯ ಅಂಚಿಗೆ ಒಂದು ಬೆಳಗು. ಪ್ರತಿಯೊಂದು ಬಂದಿದ್ದ ರಟ್ಟಿನ ಪೆಟ್ಟಿಗೆಯನ್ನೂ ಎಸೆಯದೆ ಲಾಫ್ಟಿನಲ್ಲಿ, ಅಂದರೆ ಗೋಡೆಯ ಮೇಲಿನ ಅಟ್ಟದಲ್ಲಿ, ಸಾಲಾಗಿ ಜೋಡಿಸಿಟ್ಟಿದ್ದ. ಲಾಫ್ಟ್ ಇದ್ದದ್ದು ಮುಂದಿನ ಕೋಣೆಯ ಕಿಟಕಿಯ ನೇರ ಮೇಲೆ. ಇದನ್ನು ಹೇಳುವುದಕ್ಕೆ ಕಾರಣವಿದೆ.

ಆ ಕೋಣೆಯನ್ನು ನಾನು ಅವನಿಗೆ ಬಿಟ್ಟುಕೊಟ್ಟಿದ್ದೆ. ಎಂಟಡಿ ಉದ್ದ, ನಾಲ್ಕಡಿ ಅಗಲದ ಪ್ಲೈವುಡ್ ಹಲಗೆ, ಅದಕ್ಕೆ ಆರು ಕಾಲು. ಮೇಲೆ ಹಳಿ, ಸ್ಟೇಷನ್ನು, ಬೆಂಕಿಕಡ್ಡಿಯ ಬೇಲಿ. ಹಲಗೆಗೂ ಗೋಡೆಗೂ ನಡುವೆ ಅಡ್ಡಡ್ಡವಾಗಿ ನಡೆಯಬೇಕಿತ್ತು. ನನ್ನ ಹೊಟ್ಟೆ ತಾಗಿ ಎಷ್ಟು ಸಲ ಸಿಗ್ನಲ್ ಕಂಬ ಬಿದ್ದಿತೋ! ಪ್ರತಿ ಸಲವೂ ಅವನು, “ಮಾಣಿ, ಹೊಟ್ಟೆ ಒಳಗೆ, ಸಿಗ್ನಲ್ ಹೊರಗೆ,” ಎನ್ನುತ್ತಿದ್ದ. ಮಾಣಿ ಎಂದರೆ ನಮ್ಮ ಮನೆಮಾತಿನಲ್ಲಿ ಹುಡುಗ. ನನಗೆ ಅರವತ್ತು ದಾಟಿದ ಮೇಲೂ ಅವನು ಬೇರೆ ಹೆಸರಿನಿಂದ ಕರೆದದ್ದಿಲ್ಲ.

ಅಷ್ಟು ರೈಲುಗಳ ನಡುವೆ ಹಳಿಯ ಮೇಲೆ ಎಂದೂ ಓಡದಿದ್ದದ್ದು ಒಂದಿತ್ತು. ಕಿಟಕಿಯ ಕಟ್ಟೆಯ ಮೇಲೆ, ಲಾಫ್ಟಿನ ಕೆಳಗೆ ಇಟ್ಟಿದ್ದ ಮರದ ಬೋಗಿ. ಮೊಳಕೈಯಿಂದ ಬೆರಳ ತುದಿಯವರೆಗಿನ ಉದ್ದ. ಹಲಗೆಯ ಮೇಲಿನ ಯಾವ ಹಳಿಗೂ ಹೊಂದದಷ್ಟು ದೊಡ್ಡದು.

ಅದು ಬಂದದ್ದು ನಾವು ಚಿಕ್ಕವರಿದ್ದಾಗ. ಕುಂದಾಪುರದ ಕಡೆಯಿಂದ ಬಂದ ಅಪ್ಪ, ಕೋಡಂಬಾಕ್ಕಂನ ಒಂದು ಸ್ಟುಡಿಯೋದೊಳಗೆ ಕ್ಯಾಂಟೀನ್ ನಡೆಸುತ್ತಿದ್ದರು. ಆಗ ಕನ್ನಡ ಚಿತ್ರಗಳೂ ಅಲ್ಲೇ ತಯಾರಾಗುತ್ತಿದ್ದವು. ಮಧ್ಯಾಹ್ನದ ಹೊತ್ತು ಜನ ಮೂರು ಭಾಷೆಗಳಲ್ಲಿ ಚಟ್ನಿ ಕೇಳುತ್ತಿದ್ದರು. ಯಾವುದೋ ಚಿತ್ರಕ್ಕೆ ಸೇತುವೆಯಿಂದ ರೈಲು ನೀರಿಗೆ ಬೀಳುವ ದೃಶ್ಯ ಬೇಕಾಗಿ, ಸ್ಟುಡಿಯೋದ ಬಡಗಿ ಒಂದು ಪುಟ್ಟ ರೈಲು ಕಟ್ಟಿದ. ಚಿತ್ರೀಕರಣದ ದಿನ ಮುಂದಿನವೆಲ್ಲ ತೊಟ್ಟಿಯ ನೀರಿಗೆ ಬಿದ್ದು ಮುರಿದವು. ಕೊನೆಯದೊಂದು ಸೇತುವೆಯ ಮೇಲೆಯೇ ನಿಂತಿತು. ಬಡಗಿ ಅದನ್ನು ಪಂಚೆಯಲ್ಲಿ ಒರೆಸಿ, ಕಾಫಿಗೆ ಬಂದಾಗ ಅಣ್ಣನ ಕೈಗೆ ಕೊಟ್ಟ.

ಅದರ ಒಂದು ಬದಿಗೆ ಹನ್ನೊಂದು ಕಿಟಕಿ, ಎರಡು ಬಾಗಿಲು, ಇಟ್ಟಿಗೆ ಕೆಂಪು ಬಣ್ಣ. ಇನ್ನೊಂದು ಬದಿ ಬರೀ ಮರ. ಕಿಟಕಿಯಿಲ್ಲ, ಬಣ್ಣವೂ ಇಲ್ಲ.

“ಈ ಕಡೆ ಯಾಕೆ ಮಾಡಿಲ್ಲ?” ಎಂದು ಅಣ್ಣ ಕೇಳಿದ.

“ಕ್ಯಾಮೆರಾ ಆ ಕಡೆ ಬರೋದೇ ಇಲ್ಲವಲ್ಲ ಸಾಮಿ,” ಎಂದು ಬಡಗಿ ತಮಿಳಿನಲ್ಲಿ ಹೇಳಿ ನಕ್ಕ.

ನಮ್ಮ ಮನೆ ರೈಲು ಹಳಿಯ ಪಕ್ಕದಲ್ಲಿತ್ತು. ಸಂಜೆ ಶಾಲೆಯಿಂದ ಬಂದು ಮೋಟುಗೋಡೆಯ ಮೇಲೆ ಕೂತು ಬೋಗಿ ಎಣಿಸುವುದು ನಮ್ಮ ಆಟ. ನಮ್ಮ ಶಾಲೆ, ಗೆಳೆಯರು, ಬೀದಿ ಎಲ್ಲವೂ ತಮಿಳು. ತಮಿಳಿನಲ್ಲಿ ರೈಲಿನ ಬೋಗಿಗೆ ‘ಪೆಟ್ಟಿ’ ಎನ್ನುತ್ತಾರೆ, ಸಾಮಾನು ತುಂಬುವ ಪೆಟ್ಟಿಗೆಗೂ ಅದೇ ಮಾತು. ನಾವೂ ಪೆಟ್ಟಿ ಎಂದೇ ಕಲಿತೆವು. ಗೂಡ್ಸ್ ಗಾಡಿ ದೂರದಲ್ಲಿ ಕಾಣಿಸಿದ ಕೂಡಲೇ ಎಷ್ಟು ಪೆಟ್ಟಿ ಎಂದು ಹೇಳಬೇಕು. ಸೋತವನು ಸಂಜೆಯ ಬೋಂಡ ಬಿಟ್ಟುಕೊಡಬೇಕು.

“ಮೂವತ್ತೊಂಬತ್ತು ಪೆಟ್ಟಿ,” ಎಂದು ನಾನು.

“ಮೂವತ್ತೆಂಟು,” ಎಂದು ಅವನು.

ಗಾಡಿ ದಾಟಿಹೋಗುತ್ತಿತ್ತು. “ಮೂವತ್ತೊಂಬತ್ತು! ಬೋಂಡ ಕೊಡು!”

“ಗಾರ್ಡಿನ ಪೆಟ್ಟಿ ಲೆಕ್ಕಕ್ಕಿಲ್ಲ.”

“ನಿನ್ನೆ ಉಂಟು ಅಂತ ಹೇಳಿದ್ಯಲ್ಲ?”

“ನಿನ್ನೆ ಅದನ್ನು ಸೇರ್ಸಿದ್ರೆ ನಾನು ಗೆಲ್ತಿದ್ದೆ ಮಾಣಿ.”

ಗೆದ್ದ ಗುರುತನ್ನು ಆ ಮರದ ಬೋಗಿಯ ಬೋಳು ಬದಿಯ ಮೇಲೆ ಪೆನ್ಸಿಲಿನಲ್ಲಿ ಗೀಚುತ್ತಿದ್ದೆವು. ಮೇಲಿನ ಸಾಲಿಗೆ ‘ಅ’, ಅಣ್ಣ. ಕೆಳಗಿನ ಸಾಲಿಗೆ ‘ಮಾ’, ಮಾಣಿ. ಐದೈದು ಗೀಟಿಗೆ ಒಂದು ಅಡ್ಡಗೀಟು. ಅವನ ಸಾಲು ಬೋಗಿಯ ತುದಿ ಮುಟ್ಟಿ ತಿರುಗಿ ಬಂದಿತ್ತು. ನನ್ನದು ಮುಕ್ಕಾಲು ದಾರಿಗೆ ನಿಂತಿತ್ತು. ಅವನು ಹೈಸ್ಕೂಲಿಗೆ ಹೋದ ಮೇಲೆ ಎಣಿಸುವುದನ್ನು ಬಿಟ್ಟೆವು.

ನಾನು ಮುಂದೆ ಡಬ್ಬಿಂಗ್ ಕೆಲಸಕ್ಕೆ ಸೇರಿದೆ. ಮೊದಲು ಜಾಹೀರಾತುಗಳಿಗೆ, ಕನ್ನಡದಲ್ಲಿ ಡಬ್ಬಿಂಗಿಗಿದ್ದ ಅಡ್ಡಿ ತಪ್ಪಿದ ಮೇಲೆ ತಮಿಳು ಧಾರಾವಾಹಿಗಳಿಗೆ ಕನ್ನಡ ಸಂಭಾಷಣೆ ಬರೆಯುವುದು. ಮೂವತ್ತೈದು ವರ್ಷದಿಂದ ನಾನು ಜನರ ತುಟಿಗಳನ್ನು ನೋಡಿಕೊಂಡೇ ಬದುಕಿದ್ದೇನೆ. ಪರದೆಯ ಮೇಲೆ ತುಟಿ ಮುಚ್ಚಿದಲ್ಲಿ ಪ, ಬ, ಮ ಇರುವ ಕನ್ನಡ ಮಾತನ್ನೇ ಕೂರಿಸಬೇಕು. ಈ ಕೆಲಸ ಮಾಡುತ್ತ ಮಾಡುತ್ತ ಮನೆಯಲ್ಲಿ ಬೆರಕೆ ಮಾತು ಕೇಳಿದರೆ ನನಗೆ ಸಹಿಸಲು ಆಗದಂತಾಯಿತು. ಮಗಳನ್ನು ತಿದ್ದಿದೆ, ಅವಳು ತಮಿಳಿನಲ್ಲೇ ಉತ್ತರ ಕೊಡುವುದನ್ನು ರೂಢಿ ಮಾಡಿಕೊಂಡಳು. ಅಣ್ಣನನ್ನೂ ತಿದ್ದಿದೆ.

“ಅಣ್ಣ, ಪೆಟ್ಟಿ ಅಂತ ಹೇಳ್ಬೇಡ. ಅದು ತಮಿಳು. ಬೋಗಿ ಅನ್ನು.”

“ಭೋಗಿ ಅಂದ್ರೆ ಇಲ್ಲಿ ಹಬ್ಬ ಮಾರಾಯ,” ಎಂದು ಅವನು ತಲೆಯೆತ್ತದೆ ಬಣ್ಣ ಬಳಿಯುತ್ತ ಹೇಳಿದ್ದ. “ಪೊಂಗಲಿನ ಹಿಂದಿನ ದಿನ ಹಳೇದೆಲ್ಲ ಒಟ್ಟು ಹಾಕಿ ಸುಡುದು. ನನ್ನ ಪೆಟ್ಟಿ ಸುಡ್ಲಿಕ್ಕಿಲ್ಲ. ನಿನ್ನ ಪುಸ್ತಕದ ಕನ್ನಡ ನೀನೇ ಇಟ್ಕೋ.”

ಆದರೂ ನಾನು ಬಿಡಲಿಲ್ಲ. ವರ್ಷಗಟ್ಟಲೆ, ಅವನು ಪೆಟ್ಟಿ ಎಂದಾಗಲೆಲ್ಲ ನಾನು “ಬೋಗಿ” ಎಂದೆ. ಕೊನೆಕೊನೆಗೆ ಅವನು ನನ್ನೆದುರು ಆ ಮಾತನ್ನೇ ಆಡುವುದನ್ನು ನಿಲ್ಲಿಸಿದ್ದ. ‘ಅದು’, ‘ಇದು’ ಎನ್ನುತ್ತಿದ್ದ.

ಪಾರ್ಶ್ವವಾಯು ಬಂದದ್ದು ಅಕ್ಟೋಬರಿನ ಒಂದು ಬೆಳಿಗ್ಗೆ. ನಾನು ಅಡುಗೆಮನೆಯಿಂದ ಮೂರು ಸಲ ಕಾಫಿಗೆ ಕರೆದೆ. ಮುಂದಿನ ಕೋಣೆಯಲ್ಲಿ ರೈಲು ಓಡುವ ಸದ್ದು ಬರುತ್ತಿತ್ತು, ಆದ್ದರಿಂದ ಅವಸರ ಮಾಡಲಿಲ್ಲ. ಹೋಗಿ ನೋಡಿದಾಗ ಅವನು ಹಲಗೆಗೂ ಗೋಡೆಗೂ ನಡುವಿನ ಸಂದಿಯಲ್ಲಿ ಸಿಕ್ಕಿಕೊಂಡು, ಬೀಳಲೂ ಆಗದೆ ಅರ್ಧ ನಿಂತಿದ್ದ. ಅವನನ್ನು ಹೊರಗೆ ಎಳೆಯಲು ನನಗೆ ಐದಾರು ನಿಮಿಷ ಬೇಕಾಯಿತು. ಆ ನಿಮಿಷಗಳು ಎಷ್ಟು ಮುಖ್ಯವಾಗಿದ್ದವೆಂದು ಆಸ್ಪತ್ರೆಯಲ್ಲಿ ನಾನು ಕೇಳಲಿಲ್ಲ. ಅವರೂ ಹೇಳಲಿಲ್ಲ.

ಬಲಗೈ, ಬಲಗಾಲು, ಮಾತು. ಇವು ಮೂರು ಹೋಗಿದ್ದವು. ‘ಮಾಣಿ’ಯೂ ಹೋಗಿತ್ತು.

ನಮ್ಮ ಕಟ್ಟಡದ ಲಿಫ್ಟಿನಲ್ಲಿ ಗಾಲಿಕುರ್ಚಿ ಹಿಡಿಸುವುದಿಲ್ಲ. ಆಸ್ಪತ್ರೆಯಿಂದ ಬಂದ ದಿನ ನಾಲ್ಕು ಜನ ಅವನನ್ನು ಕುರ್ಚಿ ಸಮೇತ ಹೊತ್ತು ಮೆಟ್ಟಿಲು ಹತ್ತಿಸಿದರು. ಅಂದಿನಿಂದ ಅವನು ಕೆಳಗಿಳಿದಿಲ್ಲ. ನಾನು ಇಳಿಯುವುದು ಹಾಲಿಗೆ, ತರಕಾರಿಗೆ, ಔಷಧಿಗೆ. ಒಮ್ಮೆ ಹೋಗಿ ಬರಲು ಹನ್ನೆರಡು ನಿಮಿಷ. ಹೋಗುವಾಗ ಹೊರಗಿನಿಂದ ಚಿಲಕ ಹಾಕಬೇಕು. ನಾನು ಎಷ್ಟು ಮೆಲ್ಲಗೆ ಎಳೆದರೂ ಅದು ಕಿರುಗುಟ್ಟಿ, ಕೊನೆಯಲ್ಲಿ ಟಕ್ ಎನ್ನುತ್ತದೆ. ಒಳಗೆ ಅವನು ಅದನ್ನು ಕೇಳುತ್ತಾನೆಂದು ನನಗೆ ಗೊತ್ತಿತ್ತು. ಮರಳಿ ಬಂದು ತೆಗೆದಾಗ ಅವನು ಬಾಗಿಲನ್ನೇ ನೋಡುತ್ತಿರುತ್ತಿದ್ದ. ಆಮೇಲೆ ನಾನು ಒಳಗಿನಿಂದ ಚಿಲಕ ಹಾಕಿಕೊಳ್ಳುತ್ತಿದ್ದೆ. ಉಳಿದ ಇಪ್ಪತ್ತಮೂರು ಚಿಲ್ಲರೆ ಗಂಟೆ ಇಬ್ಬರೂ ಒಳಗೆ.

ಮುಂದಿನ ಕೋಣೆಯ ಕಿಟಕಿಯಲ್ಲಿ, ಎದುರಿನ ಎರಡು ಕಟ್ಟಡಗಳ ನಡುವೆ ಒಂದು ಸೀಳಿನಷ್ಟು ಆಕಾಶ ಕಾಣುತ್ತದೆ. ಆ ಸೀಳಿನಲ್ಲಿ ಮೆಟ್ರೋದ ಮೇಲ್ಸೇತುವೆ. ಕೆಲವು ನಿಮಿಷಕ್ಕೊಮ್ಮೆ ಅದರ ಮೇಲೆ ರೈಲು ಹೋಗುತ್ತದೆ. ಅಣ್ಣನ ಕುರ್ಚಿಯನ್ನು ಹಲಗೆಯ ತುದಿಗೆ ತಾಗಿಸಿ ಇಟ್ಟರೆ ಅವನಿಗೆ ಅಷ್ಟು ಕಾಣುತ್ತಿತ್ತು.

ಡಿಸೆಂಬರಿನಲ್ಲಿ ಫಿಸಿಯೋಥೆರಪಿಯ ಹೆಣ್ಣುಮಗಳು ವಾರಕ್ಕೆ ಮೂರು ದಿನ ಬರತೊಡಗಿದಳು. ಮೆದು ಮನಸ್ಸು, ಗಟ್ಟಿ ಗಂಟಲು. ಅವನನ್ನು ‘ತಾತಾ’ ಎನ್ನುತ್ತಿದ್ದಳು. ಅದು ಅವನಿಗೆ ಸೇರುತ್ತಿರಲಿಲ್ಲ. ನಾಲ್ಕನೇ ದಿನ ಅವಳು ಕೋಣೆಯ ಸುತ್ತ ನೋಡಿ, ನೇರವಾಗಿ ಎಂಟು ಹೆಜ್ಜೆ ಇಡುವಷ್ಟು ಜಾಗ ಬೇಕೇ ಬೇಕು, ತಡವಾದರೆ ಕಾಲು ಕಲಿಯುವುದಿಲ್ಲ ಎಂದಳು. ಹಲಗೆಯ ಮೇಲೆ ಬೆರಳು ಬಡಿದು, “ಇಂದ ಟ್ರೈನಾ, ತಾತಾವಾ? ನೀಂಗಳೇ ಸೊಲ್ಲುಂಗ ಅಂಕಲ್,” ಎಂದಳು. ರೈಲೋ ತಾತನೋ, ನೀವೇ ಹೇಳಿ ಎಂದು. ಅವನೆದುರಿಗೇ.

ಅವಳು ಹೋದ ಮೇಲೆ ನಾನು ಅವನ ಎದುರು ಸ್ಟೂಲ್ ಹಾಕಿಕೊಂಡು ಕೂತೆ. ಆಗ ಆಡಿದ ಮಾತು ಇಷ್ಟು.

“ಅಣ್ಣ, ಹಲಗೆ ತೆಗೀಬೇಕಾಗ್ತದೆ. ನಿಂಗೆ ನಡೀಲಿಕ್ಕೆ ಜಾಗ ಬೇಕಲ್ಲ.”

“ಹೂಂ.”

“ರೈಲನ್ನೆಲ್ಲ ಎಂತ ಮಾಡುವ?”

ಅವನು ಎಡಗೈ ಎತ್ತಿ ಕಿಟಕಿಯ ಕಡೆ ತೋರಿಸಿದ. “ಪೆಟ್ಟಿ.”

ನಾನು ಆ ಕಡೆ ನೋಡಿದೆ. ಲಾಫ್ಟಿನಲ್ಲಿ ರಟ್ಟಿನ ಪೆಟ್ಟಿಗೆಗಳ ಸಾಲು ಕಾಣಿಸಿತು. “ಪೆಟ್ಟಿಗೆಯಲ್ಲಿ ಹಾಕಿಡುದಾ?”

“ಪೆಟ್ಟಿ. ಪೆಟ್ಟಿ.”

“ಹಾಕಿ, ಅಣ್ಣಾ ನಗರದ ಆ ನಿನ್ನ ರೈಲಿನ ಸ್ನೇಹಿತರಿಗೆ ಕೊಡುವ. ಅವ್ರು ಓಡಿಸ್ತಾರೆ. ಇಲ್ಲಿ ಧೂಳು ತಿನ್ನುದು ಬೇಡ. ಆಗ್ಬಹುದಾ?”

“ಪೆಟ್ಟಿ,” ಎಂದ. ಕಣ್ಣಲ್ಲಿ ನೀರು ಇಳಿಯಿತು.

ಪೆಟ್ಟಿಗೆ ಎನ್ನಲು ಹೋಗಿ ‘ಗೆ’ ನಿಂತುಹೋಗಿದೆ ಎಂದುಕೊಂಡೆ. ಅವನ ತುಟಿ ಮುಚ್ಚಿ ತೆರೆದದ್ದನ್ನು ನೋಡಿ, ಕೆಲಸದ ರೂಢಿಯಂತೆ ಅಲ್ಲಿ ಒಂದು ಕನ್ನಡ ಮಾತನ್ನು ಕೂರಿಸಿದೆ. ಅದು ಚೆನ್ನಾಗಿ ಕೂತಿತು. ಕಣ್ಣೀರು ಅಗಲಿಕೆಯದ್ದೆಂದು ತಿಳಿದೆ. ಒಪ್ಪಿದ್ದಾನೆ ಎಂದುಕೊಂಡು ಅವನ ಬೆನ್ನು ತಟ್ಟಿ ಎದ್ದೆ.

ಪೊಂಗಲಿನ ವಾರ ಮೂರು ದಿನ ಕೂತು ಎಲ್ಲವನ್ನೂ ಪೆಟ್ಟಿಗೆಗಳಿಗೆ ತುಂಬಿದೆ. ಕೆಳಗಿನ ಮನೆಗಳವರೂ ಭೋಗಿಗೆಂದು ಹಳೆ ಚಾಪೆ, ಮುರಿದ ಕುರ್ಚಿ ಹೊರಗೆ ಹಾಕುತ್ತಿದ್ದರು. ಅಣ್ಣ ನೋಡುತ್ತ ಕೂತಿದ್ದ. ಎಂಜಿನ್ನುಗಳನ್ನು ತೆಗೆದಾಗ ಸುಮ್ಮನಿದ್ದ. ನಾನು ಕಿಟಕಿಯ ಹತ್ತಿರ ಹೋದಾಗಲೆಲ್ಲ ಕೈ ಎತ್ತಿ, “ಪೆಟ್ಟಿ,” ಎನ್ನುತ್ತಿದ್ದ. “ಹೌದು, ಗೊತ್ತುಂಟು, ಅದ್ರಲ್ಲೇ ಹಾಕ್ತಾ ಇದ್ದೇನೆ,” ಎಂದು ನಾನು ಲಾಫ್ಟಿನಿಂದ ಇನ್ನೊಂದು ಪೆಟ್ಟಿಗೆ ಇಳಿಸುತ್ತಿದ್ದೆ.

ಅಣ್ಣಾ ನಗರದವರು ಬಂದದ್ದು ಭೋಗಿಯ ಮರುದಿನ. ಎಪ್ಪತ್ತು ದಾಟಿದವರು, ನಿವೃತ್ತ ಎಂಜಿನಿಯರ್, ತಮಿಳರು. ಅವರ ಮನೆಯ ಮಹಡಿಯ ಮೇಲೆ ಒಂದು ಇಡೀ ಕೋಣೆ ರೈಲಿಗೇ ಇದೆ. ಅಣ್ಣನಿಗೂ ಅವರಿಗೂ ಹತ್ತು ವರ್ಷದ ಪರಿಚಯ, ಹೆಚ್ಚಾಗಿ ಫೋನಿನಲ್ಲಿ. ಅವರು ಅಣ್ಣನ ಭುಜದ ಮೇಲೆ ಕೈಯಿಟ್ಟು, ನಾನು ಓಡಿಸುತ್ತೇನೆ, ಒಂದನ್ನೂ ಮೂಲೆಗೆ ಹಾಕುವುದಿಲ್ಲ ಎಂದು ಮಾತು ಕೊಟ್ಟರು. ಅಣ್ಣ ಅವರ ಅಂಗಿಯ ತುದಿ ಹಿಡಿದುಕೊಂಡು ತುಂಬ ಹೊತ್ತು ಬಿಡಲಿಲ್ಲ.

ಕೊನೆಗೆ ಉಳಿದದ್ದು ಆ ಮರದ ಬೋಗಿ. ಅದಕ್ಕೆ ಮಾತ್ರ ಪೆಟ್ಟಿಗೆ ಇರಲಿಲ್ಲ. ಅವರು ಅದನ್ನು ಎತ್ತಿ ನೋಡಿ, “ಇದು ಸ್ಕೇಲ್ ಇಲ್ಲೈಯೇ ಸಾರ್, ಇದುವುಮಾ?” ಎಂದರು. ಇದು ಬೇರೆ ಅಳತೆಯದು, ಇದನ್ನೂ ಒಯ್ಯಲೇ ಎಂದು ಕೇಳಿದ್ದು.

ಇಲ್ಲಿ ನಾನು ಪದದ ಹಿಂದೆ ಅಡಗಿಕೊಳ್ಳುವ ಹಾಗಿಲ್ಲ. ಅದು ಯಾವುದೆಂದು ನನಗೆ ಗೊತ್ತಿತ್ತು. ಅದರ ಬೋಳು ಬದಿ ನನ್ನ ಕಡೆಗಿತ್ತು. ‘ಅ’ ಕಾಣುತ್ತಿತ್ತು, ‘ಮಾ’ ಕಾಣುತ್ತಿತ್ತು. ಮೂರು ತಿಂಗಳಿಂದ ಆ ಕೋಣೆಯಲ್ಲಿ ಅಡ್ಡಡ್ಡ ನಡೆದಿದ್ದೆ, ಮಲ ಮೂತ್ರದ ಪಾತ್ರೆ ಹಿಡಿದುಕೊಂಡು. ಆ ಕಟ್ಟೆ ಖಾಲಿಯಾದರೆ ಔಷಧಿಗಳನ್ನು ಇಡಬಹುದೆಂದು ಲೆಕ್ಕ ಹಾಕಿದ್ದೆ. “ಎಲ್ಲಾಂ ಎಡುತ್ತುಕ್ಕೋಂಗ,” ಎಂದೆ. ಎಲ್ಲ ತೆಗೆದುಕೊಳ್ಳಿ. ಅವರು ಅದನ್ನು ನಮ್ಮದೇ ಒಂದು ಹಳೆ ಟವೆಲಿನಲ್ಲಿ ಸುತ್ತಿದರು. ಅಣ್ಣ, “ಇಲ್ಲ,” ಎಂದ. ಒಂದೇ ಸಲ. ಅವನ ‘ಇಲ್ಲ’ಕ್ಕೆ ಅರ್ಥವಿಲ್ಲವೆಂದು ನಾವೆಲ್ಲ ಒಪ್ಪಿಕೊಂಡಾಗಿತ್ತು.

ಹಲಗೆ ಹೋದ ಮೇಲೆ ನೆಲದ ಮೇಲೆ ಆರು ಕಾಲುಗಳ ಗುರುತು ಉಳಿಯಿತು. ಅಣ್ಣ ಮೊದಲ ವಾರ ನಾಲ್ಕು ಹೆಜ್ಜೆ ಇಟ್ಟ. ಎರಡನೇ ವಾರ ಎರಡು. ಆಮೇಲೆ ಕುರ್ಚಿಯಿಂದ ಏಳಲು ಒಪ್ಪಲಿಲ್ಲ. ತಾತಾ ಸಹಕರಿಸುತ್ತಿಲ್ಲ ಎಂದು ಫಿಸಿಯೋಥೆರಪಿಯವಳು ಬರೆದುಕೊಂಡಳು. ಊಟ ಅರ್ಧಕ್ಕೆ ಬಿಡುತ್ತಿದ್ದ. ನಾನು ಹತ್ತಿರ ಬಂದಾಗಲೆಲ್ಲ ಅದೇ ಮಾತು. “ಪೆಟ್ಟಿ.”

ನಾನು ಪೆಟ್ಟಿಗೆಗಳನ್ನು ತಂದು ತೋರಿಸಿದೆ. ಔಷಧಿಯ ಡಬ್ಬ. “ಇದಾ?” ಅವನು ಮುಖ ತಿರುಗಿಸಿದ. ಬಣ್ಣದ ಶೀಶೆಗಳನ್ನಿಟ್ಟಿದ್ದ ಬಿಸ್ಕತ್ತಿನ ತಗಡು ಡಬ್ಬ. ಮುಖ ತಿರುಗಿಸಿದ. ಅಮ್ಮನ ಟ್ರಂಕನ್ನು ಮಂಚದಡಿಯಿಂದ ಎಳೆದು, ಮುಚ್ಚಳ ತೆಗೆದು, ಒಂದೊಂದೇ ಸೀರೆ ಎತ್ತಿ ತೋರಿಸಿದೆ. ಚಪ್ಪಲಿಯ ಪೆಟ್ಟಿಗೆ. ನನ್ನ ಹೆಂಡತಿಯ ಹೊಲಿಗೆ ಡಬ್ಬ. ಒಂದು ದಿನ ಸಾಕಾಗಿ ಮನೆಯಲ್ಲಿದ್ದ ಎಲ್ಲವನ್ನೂ, ಇಡ್ಲಿ ಪುಡಿಯ ಡಬ್ಬದ ಸಮೇತ, ಅವನ ಕುರ್ಚಿಯ ಸುತ್ತ ಇಟ್ಟು, “ಯಾವ್ದು ಹೇಳು ಮಾರಾಯ! ಯಾವ್ದು ಬೇಕು ನಿಂಗೆ?” ಎಂದು ಕೂಗಿದೆ. ಅವನು ಅಷ್ಟೂ ಪೆಟ್ಟಿಗೆಗಳ ನಡುವೆ ಕೂತು ನನ್ನನ್ನು ನೋಡಿದ. ನಾನು ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿ ನಿಂತೆ. ನೀರಿನ ಸದ್ದಿನಲ್ಲೂ ‘ಪೆಟ್ಟಿ’ ಕೇಳುತ್ತಿತ್ತು.

ಮಾರ್ಚಿನ ಒಂದು ಭಾನುವಾರ ಮಧ್ಯಾಹ್ನ ಮಗಳು ಅವನ ಕುರ್ಚಿಯನ್ನು ಕಿಟಕಿಯ ಕಟ್ಟೆಗೆ ತಾಗಿಸಿ ಮೊಸರನ್ನ ತಿನ್ನಿಸುತ್ತಿದ್ದಳು. ನಾನು ಬಾಗಿಲ ಹತ್ತಿರ ಬಟ್ಟೆ ಮಡಚುತ್ತಿದ್ದೆ. ಕಿಟಕಿಯ ಸೀಳಿನಲ್ಲಿ ಮೆಟ್ರೋ ಹೋಯಿತು. ಅವನು ಎಡಗೈ ಎತ್ತಿ, “ಪೆಟ್ಟಿ,” ಎಂದ.

ಮಗಳು ಚಮಚ ಕೆಳಗಿಡದೆ, ಆ ಕಡೆ ನೋಡಿ, “ಆಮಾ ಪೆರಿಯಪ್ಪಾ. ನಾಲು ಪೆಟ್ಟಿ,” ಎಂದಳು. ಹೌದು ದೊಡ್ಡಪ್ಪ, ನಾಲ್ಕು ಬೋಗಿ.

ಅವನ ಗಂಟಲಿನಿಂದ ಒಂದು ಸದ್ದು ಬಂತು. ನಗುವೆಂದು ಗೊತ್ತಾಗಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು. ಅಕ್ಟೋಬರಿನಿಂದ ಅವನು ನಕ್ಕಿರಲಿಲ್ಲ. ಅವಳ ಮಣಿಕಟ್ಟು ಹಿಡಿದು, “ಹೂಂ! ಹೂಂ!” ಎಂದ. ಕಿಟಕಿಯ ಕಟ್ಟೆಯ ಕಡೆಗೆ ಕೈ ತಂದು, ಔಷಧಿ ಬಾಟಲಿಗಳನ್ನು ತೋರಿಸಿ, “ಪೆಟ್ಟಿ,” ಎಂದ. ಆಮೇಲೆ ಬಾಟಲಿಗಳನ್ನು ಕೈಯಿಂದ ಪಕ್ಕಕ್ಕೆ ದಬ್ಬಿದ. ಎರಡು ಕೆಳಗೆ ಬಿದ್ದವು.

“ಅಪ್ಪಾ,” ಎಂದಳು ಮಗಳು, “ಅಂದ ಮರ ಪೆಟ್ಟಿ ಎಂಗೆ?” ಆ ಮರದ್ದು ಎಲ್ಲಿ?

ನಾನು ಮಡಚಿದ ಪಂಚೆಯನ್ನು ಮತ್ತೆ ಬಿಚ್ಚಿ ಮತ್ತೆ ಮಡಚಿದೆ. ಅಂದೇ ಸಂಜೆ ಅವನ ಕುರ್ಚಿಯನ್ನು ಎಂದಿನ ಜಾಗಕ್ಕೆ ತಂದು, ಅದರಲ್ಲಿ ಕೂತು, ಅವನಂತೆ ಎಡಗೈ ಎತ್ತಿ ನೋಡಿದೆ. ಆ ಎತ್ತರದಿಂದ ಬೆರಳು ತೋರಿಸುವುದು ಕಟ್ಟೆಯನ್ನೇ. ಲಾಫ್ಟನ್ನು ತೋರಿಸಬೇಕಾದರೆ ಭುಜ ಇನ್ನೂ ಏಳಬೇಕು. ಅವನ ಎಡ ಭುಜ ಮೊದಲಿನಿಂದಲೂ ಬಿಗಿ, ಅಷ್ಟು ಏಳುವುದೇ ಇಲ್ಲ.

ಅಣ್ಣಾ ನಗರಕ್ಕೆ ಫೋನು ಮಾಡಿದೆ. “ಬನ್ನಿ ಬನ್ನಿ, ನಿಮಗೊಂದು ತೋರಿಸುವುದಿದೆ,” ಎಂದು ಅವರು ಸಂತೋಷದಿಂದ ಹೇಳಿದರು. ಮರುದಿನ ಮಗಳು ರಜೆ ಹಾಕಿ ಉಳಿದಳು. ನಾನು ಮೆಟ್ರೋ ಹತ್ತಿದೆ. ಐದು ತಿಂಗಳಲ್ಲಿ ನಾನು ಕೂತ ಮೊದಲ ವಾಹನ ಅದು. ಕೂತಮೇಲೆ ಎದ್ದು ನಿಂತೆ, ಯಾಕೆಂದು ಗೊತ್ತಿಲ್ಲ. ಕೋಯಂಬೇಡು ದಾಟಿ ರೈಲು ನೆಲದಡಿಗೆ ಇಳಿದಾಗ ಕಿವಿ ಮುಚ್ಚಿದಂತಾಯಿತು. ಚಿಲಕದ ಟಕ್ ಸದ್ದು ಕೇಳಿದ ಹಾಗಾಗಿ ಜೇಬಿನಲ್ಲಿ ಬೀಗದ ಕೈ ತಡಕಿದೆ.

ಅವರ ಮಹಡಿಯ ಕೋಣೆಯಲ್ಲಿ ಅಣ್ಣನ ರೈಲುಗಳು ಓಡುತ್ತಿದ್ದವು. ಮಾತು ಉಳಿಸಿಕೊಂಡಿದ್ದರು. ಆಮೇಲೆ ಕಪಾಟಿನಿಂದ ಮರದ ಬೋಗಿಯನ್ನು ತೆಗೆದು ಎರಡೂ ಕೈಯಲ್ಲಿ ನನ್ನ ಮುಂದೆ ಹಿಡಿದರು. ನಾನು ಅದನ್ನು ತೆಗೆದುಕೊಂಡು ತಿರುಗಿಸಿದೆ. ಬೋಳು ಬದಿಗೂ ಹನ್ನೊಂದು ಕಿಟಕಿ, ಎರಡು ಬಾಗಿಲು. ಅದೇ ಇಟ್ಟಿಗೆ ಕೆಂಪು.

ಅವರು ಕನ್ನಡಕ ತೆಗೆದು ಒರೆಸುತ್ತ ತಮಿಳಿನಲ್ಲಿ ವಿವರಿಸಿದರು. ನಿಮ್ಮ ಅಣ್ಣನವರು ಯಾವುದನ್ನೂ ಅರ್ಧಕ್ಕೆ ಬಿಡುವವರಲ್ಲ. ಇದೊಂದು ಕೆಲಸ ಮುಗಿಯುವ ಮೊದಲೇ ಅವರಿಗೆ ಹಾಗಾಯಿತಲ್ಲ. ಅವರ ಪರವಾಗಿ ನಾನು ಮುಗಿಸಿದೆ. ಬಣ್ಣ ಹೊಂದಿಸಲು ಎರಡು ವಾರ ಹಿಡಿಯಿತು.

“ಅದರ ಮೇಲೆ ಏನೋ ಬರೆದಿತ್ತಲ್ಲ?” ಎಂದು ಕೇಳಿದೆ.

“ಆಮಾ, ಏದೋ ಪೆನ್ಸಿಲ್ ಕಿರುಕ್ಕಲ್,” ಎಂದರು. ಏನೋ ಪೆನ್ಸಿಲಿನ ಗೀಚಾಟ. ಉಪ್ಪುಕಾಗದದಲ್ಲಿ ಚೆನ್ನಾಗಿ ಉಜ್ಜಿ ತೆಗೆದೆ, ಒಂದು ಗೆರೆಯೂ ಉಳಿದಿಲ್ಲ ನೋಡಿ ಎಂದರು.

ನಾನು ನೋಡಿದೆ. ಉಳಿದಿರಲಿಲ್ಲ. ತುಂಬ ಚೆನ್ನಾಗಿ ಬಂದಿದೆ ಎಂದು ಹೇಳಿದೆ. ಅಣ್ಣ ಕೇಳುತ್ತಿದ್ದಾನೆ, ಇದೊಂದನ್ನು ಒಯ್ಯಲೇ ಎಂದಾಗ ಅವರು ಮರುಮಾತಿಲ್ಲದೆ ಕೊಟ್ಟರು. ಅದಕ್ಕೆಂದೇ ಅವರು ರಟ್ಟಿನಲ್ಲಿ ಒಂದು ಪೆಟ್ಟಿಗೆ ಮಾಡಿದ್ದರು, ಒಳಗೆ ಸ್ಪಂಜು ಅಂಟಿಸಿ. ಅದರಲ್ಲೇ ಇಟ್ಟುಕೊಟ್ಟರು.

ನಾನು ಕೈಯಲ್ಲಿ ರಟ್ಟಿನ ಪೆಟ್ಟಿಗೆ ಹಿಡಿದುಕೊಂಡು ಕೋಣೆಗೆ ಬಂದದ್ದನ್ನು ಕಂಡ ಕೂಡಲೇ ಅಣ್ಣ ಮುಖ ತಿರುಗಿಸಿದ.

“ಅಣ್ಣ, ಇಲ್ಲಿ ನೋಡು. ಪೆಟ್ಟಿ ತಂದಿದ್ದೇನೆ. ಪೆಟ್ಟಿ.”

ನಾನು ಆ ಮಾತನ್ನು ಆ ಅರ್ಥದಲ್ಲಿ ಆಡದೆ ನಲವತ್ತು ವರ್ಷವಾಗಿತ್ತೇನೋ. ಅವನು ತಿರುಗಿದ. ಮುಚ್ಚಳ ತೆಗೆದು ಬೋಗಿಯನ್ನು ಅವನ ಮಡಿಲಲ್ಲಿ ಇಟ್ಟೆ. ಎಡಗೈಯಿಂದ ಹಿಡಿದು ಎದೆಗೆ ಒತ್ತಿಕೊಂಡ. ಸ್ವಲ್ಪ ಹೊತ್ತಾದ ಮೇಲೆ ತಿರುಗಿಸಿದ. ಕಿಟಕಿಗಳು. ಇನ್ನೊಮ್ಮೆ ತಿರುಗಿಸಿದ. ಕಿಟಕಿಗಳು. ತಪ್ಪಾಗಿ ಒಂದೇ ಬದಿಯನ್ನು ಎರಡು ಸಲ ನೋಡಿದೆನೆಂದು ಅವನಿಗೆ ಅನ್ನಿಸಿರಬೇಕು. ಒಂದು ತುದಿಗೆ ಹೆಬ್ಬೆರಳಿಟ್ಟು ಗುರುತು ಮಾಡಿಕೊಂಡು ಮತ್ತೆ ತಿರುಗಿಸಿದ. ಎಷ್ಟು ಸಲ ಹಾಗೆ ಮಾಡಿದನೆಂದು ನಾನು ಎಣಿಸಲಿಲ್ಲ. ಮಗಳು, “ಪೋದುಂ ಪೆರಿಯಪ್ಪಾ,” ಸಾಕು ಎಂದಳು.

“ಅಳಿಸಿಬಿಟ್ಟಿದ್ದಾರೆ ಅಣ್ಣ,” ಎಂದೆ. “ಅವ್ರಿಗೆ ಗೊತ್ತಿರ್ಲಿಲ್ಲ. ನಂಗೆ ಗೊತ್ತಿತ್ತು. ಕೊಟ್ಟದ್ದು ನಾನು.”

ಅವನು ನನ್ನ ಮುಖ ನೋಡಿದ. “ಹೂಂ,” ಎಂದ. ಅದು ಹೂಂ ಎಂಬುದೋ ಇಲ್ಲ ಎಂಬುದೋ ನನಗೆ ಇಂದಿಗೂ ತಿಳಿಯದು.

ಔಷಧಿಗಳನ್ನು ಅಡುಗೆಮನೆಗೆ ಒಯ್ದೆವು. ಕುರ್ಚಿಯನ್ನು ಹತ್ತಿರ ತಳ್ಳಿದಾಗ ಬೋಗಿಯನ್ನು ಕಟ್ಟೆಯ ಮೇಲೆ ಅವನೇ ಇಟ್ಟ. ಇಡುವ ಮುನ್ನ ಎರಡೂ ಬದಿಯ ಬಣ್ಣದ ಮೇಲೆ ಹೆಬ್ಬೆರಳು ಆಡಿಸಿದ. ಹಳೆಯದು ಒರಟು, ಹೊಸದು ನುಣುಪು. ನುಣುಪಾದದ್ದನ್ನು ಹೊರಗಿನ ಕಡೆಗೆ ಮಾಡಿದ.

ಈಗ ಅವನು ಐದು ಹೆಜ್ಜೆ ನಡೆಯುತ್ತಾನೆ, ಕುರ್ಚಿಯಿಂದ ಕಟ್ಟೆಯವರೆಗೆ. ಎಂಟು ಇನ್ನೂ ಆಗಿಲ್ಲ. ಲಿಫ್ಟು ಹಾಗೆಯೇ ಇದೆ, ಚಿಲಕವೂ. ಕಳೆದ ವಾರ ನಾನು ಕಟ್ಟೆಯ ಧೂಳು ಒರೆಸಿ, ಬೋಗಿಯನ್ನು ಮತ್ತೆ ಇಟ್ಟು, ಧಾರಾವಾಹಿಯ ಕೆಲಸಕ್ಕೆ ಕೂತೆ. ಕಿವಿಗೆ ಹೆಡ್‌ಫೋನ್ ಹಾಕಿಕೊಂಡಿದ್ದೆ. ಕಣ್ಣಂಚಿನಲ್ಲಿ ಅವನ ತುಟಿ ಮುಚ್ಚಿ ತೆರೆದದ್ದು ಕಾಣಿಸಿತು. ಹೆಡ್‌ಫೋನ್ ತೆಗೆದೆ.

“ಪೆಟ್ಟಿ.”

ಎದ್ದು ಹೋಗಿ, ನುಣುಪು ಬದಿ ಹೊರಗಾಗುವಂತೆ ತಿರುಗಿಸಿಟ್ಟೆ.